ಕೈಚಳಕ ಪಾತ್ರದ್ದು, ತೀರ್ಮಾನ ನನ್ನದು

ಭಾನುವಾರ, 17 ನವೆಂಬರ್ 2024

ಬಾವಿಯ ಕೆಳಗಿನ ಜೇಡರ ಗುಹೆಯನ್ನು ಇವತ್ತು ಕೊನೆಗೂ ದಾಟಿದೆ. ಬಾಲ್ಡರ್ಸ್ ಗೇಟ್ 3 ಎಂಬ, ಸರದಿಯಂತೆ ಹೋರಾಡುವ ಕಂಪ್ಯೂಟರ್ ಆಟ ಆಡಿದವರಿಗೆ ಈ ಜಾಗ ಗೊತ್ತಿರುತ್ತದೆ, ಮೊದಲ ಅಂಕದಲ್ಲೇ ಬರುತ್ತದೆ. ದೊಡ್ಡ ತಾಯಿ ಜೇಡ ಕಣ್ಣೆದುರೇ ಮಾಯವಾಗಿ ಬೆನ್ನ ಹಿಂದೆ ಬಂದು ನಿಲ್ಲುತ್ತದೆ. ಸುತ್ತ ಬಿದ್ದಿರುವ ಮೊಟ್ಟೆಗಳು ಒಡೆದು ಮರಿಗಳೂ ಮೇಲೆ ಬೀಳುತ್ತವೆ. ಆದರೆ ಗುಹೆಯ ತುಂಬ ಬಲೆಯ ಸೇತುವೆಗಳಿವೆ. ಜೇಡ ಅವುಗಳ ಮೇಲೆ ನಿಂತ ಹೊತ್ತಿಗೆ ಬೆಂಕಿ ಎಸೆದರೆ ಬಲೆ ಉರಿದುಹೋಗುತ್ತದೆ, ಜೇಡ ಕೆಳಕ್ಕೆ ಬಿದ್ದು ಅರ್ಧ ಪ್ರಾಣ ಕಳೆದುಕೊಳ್ಳುತ್ತದೆ. ನನ್ನ ಯೋಜನೆಯೂ ಅದೇ ಆಗಿತ್ತು. ನನ್ನ ನಾಲ್ವರ ತಂಡದ ಕಳ್ಳಿ ಪಾತ್ರವನ್ನು ಅಡಗಿಸಿ ಮುಂದೆ ಕಳಿಸಿದೆ, ಮಂತ್ರಗಾರನನ್ನು ಎತ್ತರದಲ್ಲಿ ನಿಲ್ಲಿಸಿದೆ, ಉಳಿದ ಇಬ್ಬರನ್ನು ಹಿಂದೆ ಇಟ್ಟುಕೊಂಡು ಕಾದೆ.

ಈ ಆಟ ಅನುಸರಿಸುವ ಡಂಜನ್ಸ್ ಅಂಡ್ ಡ್ರಾಗನ್ಸ್ ಎಂಬ ಹಳೆಯ ಮೇಜಿನ ಆಟದ ಲೆಕ್ಕದಲ್ಲಿ ಹೋರಾಟದ ಒಂದು ಸುತ್ತು ಅಂದರೆ ಆ ಲೋಕದ 6 ಸೆಕೆಂಡು. ಆ 6 ಸೆಕೆಂಡುಗಳಲ್ಲಿ ನನ್ನ ಪಾಲಿನ ಕೆಲಸ ಮುಗಿಸಲು ಇವತ್ತು ಕೆಲವೊಮ್ಮೆ ಕಾಲು ಗಂಟೆಯೂ ಹಿಡಿಯಿತು. ಯೋಚನೆಗೆ ಸ್ವಲ್ಪ ಹೊತ್ತು, ಕೈಗೆ ವಿಶ್ರಾಂತಿ ಕೊಡಲು ಹೆಚ್ಚು ಹೊತ್ತು. ಮಧ್ಯದಲ್ಲಿ ನನ್ನನ್ನು ಮಗ್ಗುಲು ಬದಲಾಯಿಸಿ ಕೂರಿಸಲು ಬಂದ ಅಕ್ಕ ಪರದೆ ನೋಡಿ ಕೇಳಿದಳು, "ಈಗ ನಿನ್ನ ಸರದಿನಾ, ಅದರದ್ದಾ?"

"ನಂದೇ ಅಕ್ಕ. ನೀನು ನಿಧಾನಕ್ಕೆ ಮಾಡು, ಅದು ಕಾಯುತ್ತೆ."

ಕಾಯಿತು ಕೂಡ. ನನ್ನ ಕೈಯನ್ನು ಅಕ್ಕ ಮತ್ತೆ ಮೌಸ್ ಮೇಲಿಟ್ಟು ಬೆರಳು ಸರಿಪಡಿಸಿ ಹೋಗುವವರೆಗೂ ಅಷ್ಟು ದೊಡ್ಡ ಜೇಡ ಇದ್ದಲ್ಲೇ ನಿಂತಿತ್ತು. ನನಗೆ ಈ ಆಟಗಳ ಮೇಲೆ ಇಷ್ಟು ಪ್ರೀತಿ ಏಕೆ ಎಂದು ಯಾರಾದರೂ ಕೇಳಿದರೆ ಆ ಕ್ಷಣವನ್ನೇ ತೋರಿಸುತ್ತೇನೆ.

ಹೊಸದಾಗಿ ಓದುತ್ತಿರುವವರಿಗೆ ನನ್ನ ಕೈಯ ಸ್ಥಿತಿ ಹೇಳಿಬಿಡುತ್ತೇನೆ. ಸ್ನಾಯುಗಳು ಬಾಲ್ಯದಿಂದಲೂ ಬಲ ಕಳೆದುಕೊಳ್ಳುತ್ತಾ ಬಂದಿವೆ. ಎಡಗೈಯನ್ನು ಕೀಬೋರ್ಡ್ ಮೇಲೆ ಇಟ್ಟರೂ ಅದು ಕೀಲಿ ಒತ್ತಲಾರದು. ಬಲಗೈಯ ಮಣಿಕಟ್ಟು ಒಂದಿಷ್ಟು ಹೊರಳುತ್ತದೆ, ಹೆಬ್ಬೆರಳು ಮತ್ತು ಪಕ್ಕದ ಎರಡು ಬೆರಳು ಅಲುಗುತ್ತವೆ. ಮೊಣಕೈ ಮೇಲೇಳುವುದಿಲ್ಲ. ಹಾಗಾಗಿ ನನ್ನ ಪಾಲಿಗೆ ಕಂಪ್ಯೂಟರ್ ಅಂದರೆ ಮೌಸ್, ಅಷ್ಟೇ. ಈ ಬರಹವನ್ನೂ ಪರದೆಯ ಮೇಲಿನ ಕೀಬೋರ್ಡ್‌ನಲ್ಲಿ ಒಂದೊಂದೇ ಅಕ್ಷರ ಕ್ಲಿಕ್ ಮಾಡಿ ಬರೆಯುತ್ತಿದ್ದೇನೆ.

ಮಧ್ಯಾಹ್ನ ಗೆಳೆಯನೊಬ್ಬ ಫೋನ್ ಮಾಡಿದ್ದ. ಅಪಘಾತದಲ್ಲಿ ಅವನ ಎಡತೋಳಿನ ನರಗಳಿಗೆ ಪೆಟ್ಟಾಗಿದೆ, ಆ ಕೈ ಇನ್ನು ಮೊದಲಿನಂತಾಗುವುದು ಕಷ್ಟ ಎಂದು ವೈದ್ಯರು ಹೇಳಿದ್ದಾರೆ. ಮೊದಲೆಲ್ಲ ರಾತ್ರಿಯಿಡೀ ಆಡುತ್ತಿದ್ದವನು. ಬಹಳ ಹೊತ್ತು ಬೇರೇನೋ ಮಾತಾಡಿ ಕೊನೆಗೆ, "ಒಂದೇ ಕೈಯಲ್ಲಿ ಆಡೋಕೆ ಯಾವ ಆಟ ಆಗುತ್ತೆ ಹೇಳೋ" ಅಂದ. ಆ ಪ್ರಶ್ನೆ ಕೇಳಲು ಅವನಿಗೆ ಎಷ್ಟು ಕಷ್ಟವಾಗಿರಬಹುದು ಎಂದು ನನಗೆ ಗೊತ್ತು. ಫೋನ್‌ನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಸರಿಯಾಗಿ ಬರೆದಿಡುತ್ತೇನೆ, ಅವನಿಗೂ ಬೇಕಾಗುತ್ತದೆ.

ಆಟದ ಹೆಸರಿಗಿಂತ ಮೊದಲು ನೋಡಬೇಕಾದ್ದು, ಪರದೆಯ ಮೇಲೆ ಮೌಸ್‌ನ ಬಾಣ (ಕರ್ಸರ್) ಇದೆಯೋ ಇಲ್ಲವೋ ಎಂಬುದು. ಪಾತ್ರದ ಕಣ್ಣಿನಿಂದಲೇ ಲೋಕ ನೋಡುವ ಹೆಚ್ಚಿನ ಆಟಗಳಲ್ಲಿ ಮೌಸ್ ಅಲುಗಿಸಿದರೆ ತಲೆ ತಿರುಗುತ್ತದೆ. ಬಾಣವೇ ಕಾಣುವುದಿಲ್ಲ. ನಡೆಯಲು ಡಬ್ಲ್ಯು, ಎ, ಎಸ್, ಡಿ ಕೀಲಿಗಳು ಬೇಕೇ ಬೇಕು. ಪರದೆ ಕೀಬೋರ್ಡ್ ತೆರೆದಿಟ್ಟರೂ ಪ್ರಯೋಜನವಿಲ್ಲ, ಅದನ್ನು ಕ್ಲಿಕ್ ಮಾಡಲು ಬಾಣ ಎಲ್ಲಿದೆ? ಮೇಲಿನಿಂದ ಓರೆಯಾಗಿ ನೋಡುವ ಆಟಗಳಲ್ಲಿ ಹೀಗಾಗುವುದಿಲ್ಲ. ಬಾಣ ಸದಾ ನಮ್ಮ ಕೈಯಲ್ಲಿರುತ್ತದೆ. ನೆಲದ ಮೇಲೆ ಕ್ಲಿಕ್ ಮಾಡಿದರೆ ಪಾತ್ರ ಅಲ್ಲಿಗೆ ನಡೆಯುತ್ತದೆ, ಬಾಗಿಲ ಮೇಲೆ ಕ್ಲಿಕ್ ಮಾಡಿದರೆ ತೆರೆಯುತ್ತದೆ, ಮನುಷ್ಯರ ಮೇಲೆ ಕ್ಲಿಕ್ ಮಾಡಿದರೆ ಮಾತಾಡುತ್ತಾರೆ. ಮೊದಲ ಬಾಲ್ಡರ್ಸ್ ಗೇಟ್ 1998ರಲ್ಲಿ ಬಂದಾಗಲೇ ಇದೆಲ್ಲ ಇತ್ತು.

ಆ ಹಳೆಯ ಆಟದ ಒಂದು ಸಂಗತಿ ನನಗೆ ಬಹಳ ಇಷ್ಟ. ಅದರಲ್ಲಿ ಸರದಿ ಇಲ್ಲ, ಆ 6 ಸೆಕೆಂಡುಗಳು ನಿಜವಾಗಿಯೂ ಓಡುತ್ತವೆ. ನಿಲ್ಲಿಸಲು ಸ್ಪೇಸ್‌ಬಾರ್ ಒತ್ತಬೇಕು. ಆದರೆ ಪರದೆಯ ಮೂಲೆಯಲ್ಲಿ ಒಂದು ಗಡಿಯಾರವೂ ಇದೆ, ಅದರ ಮೇಲೆ ಕ್ಲಿಕ್ ಮಾಡಿದರೂ ಆಟ ನಿಲ್ಲುತ್ತದೆ. ಇನ್ನೂ ಒಳ್ಳೆಯದೆಂದರೆ ತಾನಾಗಿ ನಿಲ್ಲುವ ವ್ಯವಸ್ಥೆ: ನಮ್ಮವರಿಗೆ ಏಟು ಬಿದ್ದ ಕೂಡಲೇ, ಸುತ್ತು ಮುಗಿದ ಕೂಡಲೇ ನಿಲ್ಲು ಎಂದು ಆಯ್ಕೆಗಳಲ್ಲಿ ಗುರುತು ಹಾಕಿಬಿಡಬಹುದು. ಅದನ್ನು ಮಾಡಿದವರ ಮನಸ್ಸಿನಲ್ಲಿ ನನ್ನಂಥವರು ಇದ್ದರೋ ಇಲ್ಲವೋ, ನಾನು ಒಳಗೆ ಹೋದದ್ದು ಆ ಗಡಿಯಾರದ ಮೂಲಕವೇ.

ಆಮೇಲೆ ಕಾಲ ತಿರುಗಿ ಸರದಿ ಪದ್ಧತಿ ಮತ್ತೆ ಬಂತು. ಸರದಿಯಲ್ಲೇ ಆಡುವ ಡಿವಿನಿಟಿ: ಒರಿಜಿನಲ್ ಸಿನ್ 2 2017ರಲ್ಲಿ ಬಂತು. ಪಿಲ್ಲರ್ಸ್ ಆಫ್ ಎಟರ್ನಿಟಿಯ ಎರಡನೇ ಭಾಗಕ್ಕೆ ಬಿಡುಗಡೆಯಾದ ಮರುವರ್ಷ, 2019ರಲ್ಲಿ, ಸರದಿಯಲ್ಲಿ ಆಡುವ ಅವಕಾಶ ಸೇರಿತು. ಪಾತ್‌ಫೈಂಡರ್: ಕಿಂಗ್‌ಮೇಕರ್‌ಗೆ ಅದು ಮೊದಲು ಆಟಗಾರರೇ ಮಾಡಿದ ಒಂದು ಸೇರ್ಪಡೆಯಾಗಿ (ಮಾಡ್) ಬಂತು, 2020ರಲ್ಲಿ ಆಟದೊಳಗೇ ಸೇರಿತು. 2023ರ ಬಾಲ್ಡರ್ಸ್ ಗೇಟ್ 3ರಲ್ಲಂತೂ ಹೋರಾಟ ಇಲ್ಲದ ಹೊತ್ತಿನಲ್ಲೂ ಒಂದು ಬಟನ್ ಒತ್ತಿ ಲೋಕವನ್ನೇ ಸರದಿಗೆ ತರಬಹುದು. ಇವತ್ತು ಕಳ್ಳಿಯನ್ನು ಜೇಡದ ಪಕ್ಕದಿಂದ ಹಾಯಿಸಿದ್ದು ಹಾಗೆಯೇ.

ಎರಡನೆಯ ಸಂಗತಿ ಕೈ ಗಟ್ಟಿ ಇರುವವರ ಗಮನಕ್ಕೆ ಸುಲಭವಾಗಿ ಬರುವುದಿಲ್ಲ. ಒತ್ತುವುದು ಬೇರೆ, ಒತ್ತಿ ಹಿಡಿಯುವುದು ಬೇರೆ. ಒಂದು ಕ್ಲಿಕ್‌ಗೆ ನನ್ನ ಬೆರಳಲ್ಲಿ ಶಕ್ತಿ ಇದೆ. ಬಟನ್ ಒತ್ತಿ ಹಿಡಿದುಕೊಂಡೇ ಮೌಸನ್ನು ಎಳೆಯಬೇಕೆಂದರೆ ಬೆರಳಿಗೂ ಮಣಿಕಟ್ಟಿಗೂ ಒಟ್ಟಿಗೆ ಕೆಲಸ ಬೀಳುತ್ತದೆ, ಎರಡರಲ್ಲೊಂದು ಸೋಲುತ್ತದೆ. ಕ್ಯಾಮೆರಾ ತಿರುಗಿಸಲು ಎಷ್ಟೋ ಆಟಗಳು ಕೇಳುವುದು ಇದನ್ನೇ, ಮಧ್ಯದ ಚಕ್ರ ಒತ್ತಿ ಹಿಡಿದು ಎಳೆ ಎಂದು. ಆ ಚಕ್ರವೇ ಮೌಸ್‌ನಲ್ಲಿ ಎಲ್ಲಕ್ಕಿಂತ ಬಿಗಿ. ಜೇಡರ ಗುಹೆಯಂಥ ಎತ್ತರ ತಗ್ಗುಗಳ ಜಾಗದಲ್ಲಿ ಕ್ಯಾಮೆರಾ ತಿರುಗದಿದ್ದರೆ ಬಂಡೆಯ ಹಿಂದೆ ಏನಿದೆ ಎಂದೇ ಕಾಣದು.

ನಾನು ಮಾಡಿಕೊಂಡಿರುವ ಏರ್ಪಾಡು ಹೀಗಿದೆ. ವಿಂಡೋಸ್‌ನ ಮೌಸ್ ಆಯ್ಕೆಗಳಲ್ಲಿ ಕ್ಲಿಕ್‌ಲಾಕ್ ಎಂದು ಒಂದಿದೆ. ಎಡ ಬಟನ್ನನ್ನು ಕ್ಷಣ ಹೊತ್ತು ಒತ್ತಿ ಬಿಟ್ಟರೆ ಹಿಡಿದೇ ಇದ್ದಂತೆ ಆಗುತ್ತದೆ, ಇನ್ನೊಮ್ಮೆ ಕ್ಲಿಕ್ ಮಾಡಿದರೆ ಬಿಡುತ್ತದೆ. ಎಷ್ಟು ಹೊತ್ತು ಒತ್ತಬೇಕೆಂಬುದನ್ನೂ ನಾವೇ ಕಡಿಮೆ ಮಾಡಿಕೊಳ್ಳಬಹುದು. ಕ್ಯಾಮೆರಾ ತಿರುಗಿಸುವ ಕೀಲಿಗಳನ್ನು ಹೆಬ್ಬೆರಳಿನ ಪಕ್ಕದ ಬಟನ್‌ಗಳಿಗೆ ತಂದಿದ್ದೇನೆ. ಅದಕ್ಕೆ ಆಟೋಹಾಟ್‌ಕೀ ಎಂಬ ತಂತ್ರಾಂಶದಲ್ಲಿ ಪುಟ್ಟ ಸ್ಕ್ರಿಪ್ಟ್ ಬರೆದಿದ್ದೇನೆ, ಒಮ್ಮೆ ಒತ್ತಿದರೆ ತಿರುಗಲು ಶುರು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಇದು ಒಬ್ಬರೇ ಆಡುವ ಆಟಗಳಿಗೆ ಮಾತ್ರ. ಆನ್‌ಲೈನ್ ಆಟಗಳಲ್ಲಿ ಇಂಥ ಸ್ಕ್ರಿಪ್ಟ್‌ಗಳನ್ನು ಮೋಸ ಎಂದು ಪರಿಗಣಿಸಿ ಖಾತೆ ಮುಚ್ಚುವ ಅಪಾಯವಿದೆ, ಮೊದಲು ನಿಯಮ ಓದಬೇಕು. ಉಳಿದ ಒಂದು ಬಟನ್‌ಗೆ ಎಫ್5 ಕೊಟ್ಟಿದ್ದೇನೆ, ತಕ್ಷಣ ಸೇವ್ ಮಾಡಲು. ಕೈ ಯಾವಾಗ ಸೋಲುತ್ತದೆ ಎಂದು ಹೇಳಲಾಗದವರಿಗೆ ಅದು ಎಲ್ಲಕ್ಕಿಂತ ಮುಖ್ಯವಾದ ಬಟನ್.

ಪರದೆ ಕೀಬೋರ್ಡ್ ಬಗ್ಗೆ ಅವನಿಗೆ ಎರಡು ಮಾತು ಹೇಳಬೇಕು. ಆಟವನ್ನು ಪೂರ್ಣ ಪರದೆಯಲ್ಲಿ ಓಡಿಸಿದರೆ ಅದು ಹಿಂದೆ ಮುಚ್ಚಿಹೋಗಬಹುದು, ಅಂಚಿಲ್ಲದ ವಿಂಡೋದಲ್ಲಿ ಓಡಿಸಿದರೆ ಮೇಲೆ ಕಾಣುತ್ತದೆ. ಕ್ಲಿಕ್ ಮಾಡುವುದೂ ಆಯಾಸವಾದ ದಿನ ಕೀಲಿಯ ಮೇಲೆ ಬಾಣವನ್ನು ಸ್ವಲ್ಪ ಹೊತ್ತು ನಿಲ್ಲಿಸಿದರೆ ಸಾಕು, ಒತ್ತಿದಂತಾಗುವ ಆಯ್ಕೆಯೂ ಅದರಲ್ಲೇ ಇದೆ. ಮೌಸ್‌ನ ವೇಗವನ್ನು ನಾನು ತುಂಬಾ ಹೆಚ್ಚಿಟ್ಟಿದ್ದೇನೆ, ಮಣಿಕಟ್ಟು ಒಂದಿಷ್ಟು ಹೊರಳಿದರೆ ಬಾಣ ಪರದೆಯ ಈ ತುದಿಯಿಂದ ಆ ತುದಿಗೆ ಹೋಗಬೇಕು. ಅವನ ಬಲಗೈ ಚೆನ್ನಾಗಿದೆ, ಅವನಿಗೆ ಅಷ್ಟು ಬೇಕಾಗದು.

ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್ ತಗೊಳ್ಳಲೇ ಎಂದೂ ಕೇಳಿದ. 2018ರಲ್ಲಿ ಬಂದ ಅದರ ಹಿಂಬದಿಯಲ್ಲಿ 3.5 ಮಿಲಿಮೀಟರಿನ 19 ಜ್ಯಾಕ್‌ಗಳಿವೆ, ಒಂದೊಂದಕ್ಕೂ ಪಾದಕ್ಕೋ ಮೊಣಕೈಗೋ ತಲೆಗೋ ಹೊಂದುವ ಒಂದೊಂದು ಸ್ವಿಚ್ ಜೋಡಿಸಬಹುದು. ಬೇರೆ ಬೇರೆ ದೇಹಗಳಿಗೆ ಅದು ಬಾಗಿಲು ತೆರೆದಿದೆ, ನಿಜ. ಆದರೆ ಅವನಿಗೆ ಒಂದು ಕೈ ಪೂರ್ತಿ ಇದೆ, ಮೌಸ್ ಅಭ್ಯಾಸವೂ ಇದೆ. ಮೊದಲು ಇರುವುದರಲ್ಲೇ ಆಡಿ ನೋಡು, ಆಮೇಲೆ ಯೋಚಿಸು ಎಂದೆ. ಬ್ರಿಟನ್ನಿನಲ್ಲಿ 2007ರಿಂದ ಸ್ಪೆಷಲ್‌ಎಫೆಕ್ಟ್, ಅಮೆರಿಕದಲ್ಲಿ 2004ರಿಂದ ಏಬಲ್‌ಗೇಮರ್ಸ್ ಎಂಬ ಸಂಸ್ಥೆಗಳು ಅಂಗವಿಕಲರು ಆಟ ಆಡಲು ನೆರವಾಗುತ್ತಿವೆ. ಯಾವ ದೇಹಕ್ಕೆ ಯಾವ ಸಾಧನ ಎಂದು ಅವರು ಬರೆದಿರುವುದನ್ನು ಓದಲು ಹೇಳಿದ್ದೇನೆ.

ಇಷ್ಟೆಲ್ಲ ಕೇಳಿದ ಮೇಲೆ ಅವನು ಒಂದು ಮಾತು ಅಂದ: "ಅಂದ್ರೆ ನಮಗೆ ಸುಲಭದ ಆಟಗಳು ಅಂತಾಯ್ತು." ಇದಕ್ಕೆ ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಮೊದಲು ಪ್ರಕಟವಾದಾಗ ಅದು ಮೇಜಿನ ಸುತ್ತ ಕೂತು, ಕಾಗದ ಪೆನ್ಸಿಲು ದಾಳ ಇಟ್ಟುಕೊಂಡು ಆಡುವ ಆಟ. ಗೋಡೆ ಹತ್ತುವವನು ಕುರ್ಚಿಯಲ್ಲಿ ಕೂತವನಲ್ಲ, ಅವನ ಪಾತ್ರ. ಹತ್ತಲು ಆಯಿತೋ ಇಲ್ಲವೋ ಎಂಬುದನ್ನು ಹೇಳುವುದು ಪಾತ್ರದ ಅಂಕ ಮತ್ತು ದಾಳ. ಹತ್ತಬೇಕೇ ಬೇಡವೇ ಎಂಬ ತೀರ್ಮಾನ ಮಾತ್ರ ಆಟಗಾರನದು. ಪಾತ್ರವಾಗಿ ಆಡುವ ಆಟಗಳ ಬೇರು ಇರುವುದು ಇಲ್ಲಿ. 1997ರ ಫಾಲ್‌ಔಟ್‌ನಲ್ಲಿ ಚುರುಕುತನ ಎಂಬುದು 1ರಿಂದ 10ರವರೆಗಿನ ಒಂದು ಅಂಕ. ಅದರ ಅರ್ಧಕ್ಕೆ 5 ಕೂಡಿಸಿದರೆ ಒಂದು ಸರದಿಯಲ್ಲಿ ಎಷ್ಟು ಕೆಲಸ ಮಾಡಬಹುದು ಎಂಬ ಲೆಕ್ಕ ಸಿಗುತ್ತದೆ. ಆಡುತ್ತಿರುವವನ ಬೆರಳು ಎಷ್ಟು ಚುರುಕು ಎಂದು ಆ ಆಟ ಹೋರಾಟದಲ್ಲಿ ಕೇಳುವುದೇ ಇಲ್ಲ. 2019ರ ಡಿಸ್ಕೋ ಎಲಿಸಿಯಮ್‌ನಲ್ಲಿ ಬಡಿದಾಟಕ್ಕೂ ಎರಡು ದಾಳ, ಸುಳ್ಳು ಹಿಡಿಯಲೂ ಅವೇ ಎರಡು ದಾಳ.

ಬೀಗ ತೆಗೆಯುವುದನ್ನೇ ನೋಡಿ. ಬಾಲ್ಡರ್ಸ್ ಗೇಟ್ 3ರಲ್ಲಿ ನನ್ನ ಕಳ್ಳಿ ಬೀಗಕ್ಕೆ ಕೈ ಹಾಕಿದರೆ 20 ಮುಖದ ದಾಳ ಉರುಳುತ್ತದೆ, ಅದಕ್ಕೆ ಅವಳ ಕೈಚಳಕದ ಅಂಕ ಸೇರುತ್ತದೆ. ಬೇರೆ ಕೆಲವು ಆಟಗಳಲ್ಲಿ ಪಾತ್ರ ಎಂಥ ನುರಿತ ಕಳ್ಳನಾಗಿದ್ದರೂ ಬೀಗದ ಕಡ್ಡಿಯನ್ನು ನಾನೇ ಮೌಸ್‌ನಲ್ಲಿ ತಿರುಗಿಸಿ, ಅದೇ ಹೊತ್ತಿಗೆ ಇನ್ನೊಂದು ಕೀಲಿ ಹಿಡಿದಿರಬೇಕು. ಆಗ ಅಲ್ಲಿ ಬೀಗ ತೆಗೆಯುತ್ತಿರುವುದು ಯಾರು? ಪಾತ್ರಕ್ಕೆ ನಾನು ಕೊಟ್ಟ ಅಂಕಗಳಿಗೆ ಏನು ಬೆಲೆ? ಆಟ ಕಠಿಣವಾಗಿರಲಿ, ನನಗೂ ಕಠಿಣವಾದದ್ದೇ ಇಷ್ಟ. ಜೇಡ ನನ್ನನ್ನು ಮತ್ತೆ ಮತ್ತೆ ಕೊಂದಿದೆ, ಪ್ರತಿ ಸಲವೂ ಕೊಂದದ್ದು ನನ್ನ ಯೋಜನೆಯ ಹುಳುಕು ಹಿಡಿದು. ಅಂಥ ಸೋಲನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಬಟನ್ ಹಿಡಿದುಕೊಳ್ಳಲಾಗಲಿಲ್ಲ ಎಂದು ಸೋತರೆ ಅದರಿಂದ ಕಲಿಯಲು ಏನೂ ಇಲ್ಲ.

ಆಟ ಮಾಡುವವರಲ್ಲಿ ನಾನು ಕೇಳುವುದು ಹೆಚ್ಚೇನಿಲ್ಲ. ಕೀಲಿಗಿರುವ ಪ್ರತಿ ಕೆಲಸಕ್ಕೂ ಪರದೆಯ ಮೇಲೆ ಒಂದು ಬಟನ್ ಇಡಿ, ಬೇಡವಾದವರು ಅದನ್ನು ಮರೆಮಾಡಿಕೊಳ್ಳಲಿ. ಲೆಜೆಂಡ್ ಆಫ್ ಗ್ರಿಮ್‌ರಾಕ್ 2012ರಲ್ಲಿ ಮಾಡಿದ್ದು ಹೀಗೆಯೇ. ಕೀಬೋರ್ಡ್‌ನಿಂದ ಹೆಜ್ಜೆ ಹೆಜ್ಜೆಯಾಗಿ ನಡೆಯುವ ಆ ಆಟದಲ್ಲಿ, ಬೇಕೆಂದವರಿಗೆ ಪರದೆಯ ಮೇಲೆ ನಡೆಯುವ ಬಾಣದ ಗುರುತುಗಳು ಬರುತ್ತವೆ. ಹಿಡಿಯುವ ಕಡೆಯಲ್ಲೆಲ್ಲ 'ಒಮ್ಮೆ ಒತ್ತಿದರೆ ಸಾಕು' ಎಂಬ ಆಯ್ಕೆ ಕೊಡಿ. ಶುರುವಿನಲ್ಲಿ 'ಯಾವುದಾದರೂ ಕೀಲಿ ಒತ್ತಿ' ಎಂದು ಬರುವ ಪರದೆ ಮೌಸ್‌ನ ಕ್ಲಿಕ್ಕನ್ನೂ ಒಪ್ಪಿಕೊಳ್ಳಲಿ. ಇಡೀ ಆಟವನ್ನು ಮೌಸ್‌ನಲ್ಲೇ ಆಡಬಹುದಾಗಿದ್ದರೂ ಆ ಮೊದಲ ಪರದೆ ದಾಟಲು ಮನೆಯವರನ್ನು ಕರೆಯಬೇಕಾಗಿ ಬಂದಾಗ ಮನಸ್ಸಿಗೆ ನೋವಾಗುತ್ತದೆ.

ಗೆಳೆಯನಿಗೆ ಡಿಸ್ಕೋ ಎಲಿಸಿಯಮ್‌ನಿಂದ ಶುರು ಮಾಡು ಎಂದಿದ್ದೆ, ಅಲ್ಲಿ ಕೈಗೆ ಯಾವ ಅವಸರವೂ ಇಲ್ಲ. ರಾತ್ರಿ ಸಂದೇಶ ಬಂತು, ಬಾಲ್ಡರ್ಸ್ ಗೇಟ್ 3 ಡೌನ್‌ಲೋಡ್‌ಗೆ ಹಾಕಿದ್ದಾನಂತೆ. ಸರಿ, ಹಾಗಾದರೆ ದೂರದಿಂದ ಹೊಡೆಯುವ ಬಿಲ್ಲುಗಾರನನ್ನು ಮಾಡು, ಕ್ಲಿಕ್‌ಗಳು ಕಡಿಮೆ ಎಂದು ಬರೆದೆ. ಬೇಡವಂತೆ. ಎರಡೂ ಕೈಯಲ್ಲಿ ಹಿಡಿಯುವ ದೊಡ್ಡ ಕತ್ತಿಯ ಯೋಧನೇ ಬೇಕಂತೆ. ನಾಳೆ ಸಂಜೆ ಪರದೆ ಹಂಚಿಕೊಂಡು ಇಬ್ಬರೂ ಸೇರಿ ಪಾತ್ರ ಕಟ್ಟುವುದು, ಶಕ್ತಿಗೆ ಶುರುವಿನಲ್ಲಿ ಸಿಗುವಷ್ಟೂ, ಅಂದರೆ 17, ಹಾಕುವುದು ಎಂದು ಮಾತಾಗಿದೆ. ಅದಕ್ಕೂ ಮೊದಲು ಅವನ ಮೌಸ್‌ಗೆ ಎಫ್5 ಕೂರಿಸಬೇಕು.