ಚಾಮರಾಜಪುರಂ ಹೆಂಚಿನ ಮನೆ: ನಾಲ್ಕನೇ ಕುರ್ಚಿಯವರೆಗೆ

ಫೆಬ್ರವರಿ, ಮೊದಲ ವಾರ

ಮನೆಯ ಬೀಗದ ಕೈ ಸಿಕ್ಕಿತು. ಮೈಸೂರಿನ ಚಾಮರಾಜಪುರಂನಲ್ಲಿರುವ ಹಳೇ ಹೆಂಚಿನ ಮನೆ. ದಕ್ಷಿಣಕ್ಕೆ ಜಗಲಿ, ನಡುವೆ ಹಜಾರ, ಅಕ್ಕಪಕ್ಕ ಕೋಣೆಗಳು, ಉತ್ತರಕ್ಕೆ ಹಿತ್ತಲು, ಅದರಾಚೆ ಕನ್ಸರ್ವೆನ್ಸಿ ಗಲ್ಲಿ, ಅಂದರೆ ಕೊಳೆ ಸಾಗಿಸಲು ಮನೆಗಳ ಹಿಂದೆ ಬಿಟ್ಟ ಸಣ್ಣ ದಾರಿ. ನಮ್ಮ ಆರು ಜನರ ಆರ್ಕಿಟೆಕ್ಟ್ ಕಚೇರಿಗೆ ಇಷ್ಟು ಜಾಗ ಧಾರಾಳ ಸಾಕು. ನೋಡಲು ಬಂದವರೆಲ್ಲ "ಕೆಡವಿ ಕಟ್ಟಿಬಿಡಿ ಮೇಡಂ, ಒಂದೇ ಸಲಕ್ಕೆ ಮುಗಿಯುತ್ತೆ" ಅಂದರು. ಒಂದೂಕಾಲು ಅಡಿ ದಪ್ಪದ ಗೋಡೆ ಇನ್ನೂ ನೆಟ್ಟಗೆ ನಿಂತಿದೆ. ಅದನ್ನು ಕೆಡವಲು ನನಗೆ ಮನಸ್ಸಿಲ್ಲ.

ಮೊದಲ ದಿನ ಅಳತೆ ಟೇಪು ಮುಟ್ಟಲೇ ಇಲ್ಲ. ಹಜಾರದ ನೆಲದ ಮೇಲೆ ಸುಮ್ನೆ ಕೂತೆ. ಮಧ್ಯಾಹ್ನ ಮೂರು ಗಂಟೆಗೆ ಜಗಲಿಯ ಕಿಟಕಿಯಿಂದ ಗಾಳಿ ಬಂದು, ಮುಖ ಸವರಿಕೊಂಡು ಹಿತ್ತಲಿನ ಕಡೆ ಹೋಯಿತು. ಎದ್ದು ನಿಂತರೆ ಅದೇ ಗಾಳಿ ಸೊಂಟಕ್ಕೆ ತಾಗುತ್ತದೆ, ಮುಖಕ್ಕಿಲ್ಲ. ಕಿಟಕಿಯ ಅಡಿಪಟ್ಟಿ ನೆಲದಿಂದ ಬರೀ 60 ಸೆಂ.ಮೀ. ಎತ್ತರದಲ್ಲಿದೆ. ಈ ಮನೆ ಕಟ್ಟಿದವರು ನೆಲದ ಮೇಲೆ ಕೂರುವವರು, ಮಣೆ ಹಾಕಿ ಉಣ್ಣುವವರು. ಕಿಟಕಿ ಅವರ ಮುಖಕ್ಕೆ ಸರಿಯಾಗಿದೆ. ಇಲ್ಲಿ ಮಾರ್ಕೆಟ್ಟಿನ ಟೇಬಲ್ ತಂದಿಟ್ಟರೆ ಗಾಳಿಯಲ್ಲಿ ಒಂದಷ್ಟು ಟೇಬಲ್ ಕೆಳಗೇ ಹೋಗುತ್ತದೆ ಅಲ್ವಾ? ಆವತ್ತೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಮೊದಲು ಕುರ್ಚಿ, ಆಮೇಲೆ ಟೇಬಲ್, ಆಮೇಲೆ ಗೋಡೆ.

ಹಿತ್ತಲಾಚೆಯ ಗಲ್ಲಿಯ ಬಗ್ಗೆಯೂ ಒಂದು ಮಾತು. ಪ್ಲೇಗಿನ ನಂತರ, 1903ರಲ್ಲಿ, ಮೈಸೂರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು. ಗಾಳಿ ಬೆಳಕು ಬರಬೇಕು, ಕೊಳೆ ಹಿಂದಿನಿಂದ ಹೋಗಬೇಕು ಅಂತ ಬಡಾವಣೆಗಳನ್ನು ಬಿಡಿಬಿಡಿಯಾಗಿ ಮಾಡಿದರು. ಇವತ್ತು ಆ ಗಲ್ಲಿಗಳನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲ. ಆದರೆ ನಮ್ಮ ಹಜಾರದ ಗಾಳಿ ಆಚೆ ಹೋಗುವುದು ಅದರಿಂದಲೇ.

ಫೆಬ್ರವರಿ, ಕೊನೇ ವಾರ

ಹೆಂಚು ಇಳಿಸಿದೆವು. ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಶುರು ಮಾಡಿದ ಕೆಲಸ ಇಡೀ ನಾಡಿಗೆ ಹಬ್ಬಿತು. ನಮ್ಮ ಹೆಂಚುಗಳಲ್ಲಿ ಹತ್ತರಲ್ಲಿ ಎಂಟು ಗಟ್ಟಿಯಾಗಿವೆ. ಬೆರಳಿನಿಂದ ಕುಟ್ಟಿದರೆ ಠಣ್ ಅನ್ನುತ್ತವೆ. ಬಿರುಕು ಬಿಟ್ಟದ್ದು ಮಂಕಾಗಿ ಸದ್ದು ಮಾಡುತ್ತದೆ. ಮೇಸ್ತ್ರಿ ಕಿವಿಯಿಂದಲೇ ಆರಿಸಿ ಬೇರೆ ಮಾಡಿದರು. ಮತ್ತೆ ಹೊದಿಸುವಾಗ ಕೆಳಗೊಂದು ಸಾಲು ಸೀಲಿಂಗ್ ಹೆಂಚು ಕೊಡುತ್ತೇವೆ. ಎರಡರ ನಡುವಿನ ಗಾಳಿ ಬಿಸಿಲಿನ ಕಾವನ್ನು ತಡೆಯುತ್ತದೆ. ಹಜಾರದ ನಡುವೆ ನಾಲ್ಕು ಗಾಜಿನ ಹೆಂಚು.

ಗೆದ್ದಲು ತಿಂದ ಜಂತೆಗಳನ್ನು ತೆಗೆದು ಹೊಸದು ಹಾಕಬೇಕಾಯಿತು. ತೆಗೆದವು ತೇಗ. ತುದಿ ಮಾತ್ರ ಹಾಳು, ನಡುವಿನ ಮರ ಇನ್ನೂ ಎಣ್ಣೆಯಂತೆ ಹೊಳೆಯುತ್ತದೆ. ಅವೇ ಟೇಬಲ್ ಕಾಲುಗಳಾಗುತ್ತವೆ. ಮೊದಲ ದಿನವೇ ಒಳಗೆ ಮುರಿದಿದ್ದ ಹಳೇ ಮೊಳೆ ಸಿಕ್ಕಿ ಪ್ಲೇನಿಂಗ್ ಮೆಷಿನ್ನಿನ ಬ್ಲೇಡ್ ಹಾಳಾಯಿತು. ಈಗ ಪ್ರತಿ ಜಂತೆಯ ಮೇಲೂ ಅಯಸ್ಕಾಂತ ಆಡಿಸಿ, ಮೊಳೆ ಇದ್ದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಆಮೇಲೆ ಮೆಷಿನ್ನಿಗೆ ಕೊಡುತ್ತೇವೆ.

ಮಾರ್ಚ್

ಹೊಸದಾಗಿ ಕಟ್ಟುವುದು ಪಡುವಣದ ಒಂದು ಸಾಲು ಮಾತ್ರ: ಎರಡು ಶೌಚಾಲಯ, ಒಂದು ಫೈಲಿನ ಕೋಣೆ. ಸಂಜೆಯ ಬಿಸಿಲೆಲ್ಲ ಆ ಗೋಡೆಗೆ ಬಡಿಯಲಿ, ಜನ ಕೂರುವ ಹಜಾರಕ್ಕೆ ಬೇಡ. ಇದನ್ನು ಮಣ್ಣಿನ ಬ್ಲಾಕಿನಲ್ಲಿ ಕಟ್ಟುತ್ತಿದ್ದೇವೆ. ಸುಡುವ ಕೆಲಸವಿಲ್ಲ, ಸೌದೆ ಬೇಡ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನಕ್ಕಾಗಿ ಶುರುವಾದ ಅಸ್ತ್ರ ಕೇಂದ್ರದವರು ಈ ಬ್ಲಾಕನ್ನು ನಮ್ಮ ಮಣ್ಣಿಗೆ ಹೊಂದಿಸಿ ಕೊಟ್ಟವರು. ಮಣ್ಣು, ಮರಳು, ಶೇ 8ರಷ್ಟು ಸಿಮೆಂಟ್. ಕೈಯಲ್ಲಿ ಒತ್ತುವ ಮೆಷಿನ್. ಮೂರು ವಾರ ನೆರಳಲ್ಲಿಟ್ಟು ನೀರು ಹೊಡೆಯಬೇಕು.

ಮೊದಲ ಇನ್ನೂರು ಬ್ಲಾಕ್ ಹಾಳಾದವು. ತಪ್ಪು ನನ್ನದೇ. ಮಂಡ್ಯ ಕಡೆಯ ಒಂದು ಗದ್ದೆಯಿಂದ ಪುಕ್ಕಟೆ ಸಿಕ್ಕಿತು ಅಂತ ಕಪ್ಪು ಮಣ್ಣು ತರಿಸಿದ್ದೆ. ಅದರಲ್ಲಿ ಜೇಡಿ ಜಾಸ್ತಿ. ಒಣಗುವಾಗ ಕುಗ್ಗಿ, ಬ್ಲಾಕಿನ ಮೈಮೇಲೆ ಕೂದಲೆಳೆಯ ಬಿರುಕು ಬಿಟ್ಟಿತು. ಆಮೇಲೆ ನಮ್ಮ ಪಾಯ ತೋಡಿದ ಕೆಂಪು ಮಣ್ಣನ್ನೇ ಪರೀಕ್ಷೆ ಮಾಡಿದೆವು. ಗಾಜಿನ ಬಾಟಲಿಗೆ ಮಣ್ಣು, ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡುವುದು. ಕೆಳಗೆ ಮರಳು, ನಡುವೆ ಗೋಡು ಮಣ್ಣು, ಮೇಲೆ ಜೇಡಿ ಪದರ ಪದರವಾಗಿ ಕೂರುತ್ತವೆ. ಮಣ್ಣು ಚೆನ್ನಾಗಿತ್ತು, ಮರಳು ಮಾತ್ರ ಸಾಲದು. ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಬೆರೆಸಿದ ಮೇಲೆ ಬಂದ ಬ್ಲಾಕಿನ ಅಂಚು ಉಗುರಿಗೆ ಜಗ್ಗುವುದಿಲ್ಲ.

ಒಳಗೋಡೆಗೆ ಸುಣ್ಣದ ಗಿಲಾವು. ಅಳಲೆಕಾಯಿ ನೆನೆಸಿದ ನೀರು ಮತ್ತು ಬೆಲ್ಲ ಹಾಕಿ ಸುಣ್ಣ ಕಲಸುವುದು ಹಳೇ ಪದ್ಧತಿ. ಬೆಲ್ಲ ಮಂಡ್ಯದ ಆಲೆಮನೆಯದು. ಕಲಸಿದ ದಿನ ಇಡೀ ಹಜಾರಕ್ಕೆ ಆಲೆಮನೆಯ ವಾಸನೆ ಬಂತು. ಇರುವೆಯೂ ಬಂತು.

ಏಪ್ರಿಲ್

ಕುರ್ಚಿ. ಇಡೀ ತಿಂಗಳು ಇದೇ ಕೆಲಸ.

ಆರು ಜನರನ್ನೂ ಗೋಡೆಗೆ ಒರಗಿಸಿ ಕೂರಿಸಿ, ಮೊಣಕಾಲಿನ ಹಿಂಬದಿಯಿಂದ ನೆಲದವರೆಗೆ ಅಳೆದೆವು. ಚಿಕ್ಕದು 37 ಸೆಂ.ಮೀ., ದೊಡ್ಡದು 45. ಮಾರ್ಕೆಟ್ಟಿನ ಮರದ ಕುರ್ಚಿ ಹೆಚ್ಚು ಕಡಿಮೆ 45ರದ್ದು. ಇಲ್ಲಿ ಇನ್ನೊಂದು ವಿಷಯವಿದೆ. ಕುರ್ಚಿಯ ಅಳತೆಗಳಲ್ಲಿ ಶೂ ಹಿಮ್ಮಡಿಗೆ ಎರಡೂವರೆ ಸೆಂ.ಮೀ. ಸೇರಿಸಿರುತ್ತಾರೆ. ನಾವು ಹೊಸ್ತಿಲಲ್ಲೇ ಚಪ್ಪಲಿ ಬಿಡುವವರು. ಅಷ್ಟು ಎತ್ತರ ನಮ್ಮ ತೊಡೆಯ ಕೆಳಗೆ ಒತ್ತುತ್ತಾ ಇರುತ್ತದೆ. ಲೆಕ್ಕ ನೋಡುವ ಅಕ್ಕ ವರ್ಷಗಟ್ಟಲೆ ಕಾಲ ಕೆಳಗೆ ಒಂದು ಫೈಲ್ ಡಬ್ಬ ಇಟ್ಟುಕೊಂಡಿದ್ದರು. ದಿನವೂ ನೋಡುತ್ತಿದ್ದೆ. ಯಾಕೆ ಅಂತ ಕೇಳಿದ್ದು ಈಗ.

ಮೊದಲನೇ ಕುರ್ಚಿ 40ಕ್ಕೆ ಇಳಿಸಿದ್ದು. ಕಾಲು ನೆಲಕ್ಕೆ ತಾಗಿತು. ಆದರೆ ಅರ್ಧ ಗಂಟೆಗೆ ಅಕ್ಕ ಒಂದು ಕಾಲು ಮಡಚಿ ಮೇಲಿಟ್ಟುಕೊಂಡರು. ಕೈಪಿಡಿ ಮೊಣಕಾಲಿಗೆ ಬಡಿಯಿತು. ನಾವೆಲ್ಲ ಹಾಗೇ ಕೂರುತ್ತೇವೆ ಅಲ್ವಾ? ಊಟವಾದ ಮೇಲೆ ಒಂದು ಕಾಲು ಮೇಲೆ, ಫೋನಿನಲ್ಲಿ ಮಾತಾಡುವಾಗ ಚಕ್ಕಳಮಕ್ಕಳ. ಎರಡನೇದರಲ್ಲಿ ಕೈಪಿಡಿ ತೆಗೆದು ಕೂರುವ ಅಗಲ 52 ಸೆಂ.ಮೀ. ಮಾಡಿದೆವು. ಮೂರನೇದರಲ್ಲಿ ಹಲಗೆ ತೆಗೆದು ನವಾರು (ಮಂಚಕ್ಕೆ ಹೆಣೆಯುವ ಅಗಲದ ಪಟ್ಟಿ) ಹೆಣೆದೆವು, ಮುಂದಿನ ಅಂಚು ಉರುಟು ಮಾಡಿದೆವು. ಎರಡು ವಾರಕ್ಕೆ ನವಾರು ಒಂದಿಂಚು ಜೋತುಬಿತ್ತು.

ಪರಿಹಾರ ಹೇಳಿದ್ದು ಬಡಗಿ ಯಜಮಾನ್ರು. "ನಮ್ಮಜ್ಜಿ ಮಂಚದಲ್ಲಿ ಕಾಲ ಕಡೆ ಹಗ್ಗ ಇರ್ತಿತ್ತು ಮೇಡಂ. ಸಡಿಲ ಆದ್ರೆ ಎಳೆದು ಕಟ್ಟೋರು." ಅದನ್ನೇ ಮಾಡಿದೆವು. ನಾಲ್ಕನೇ ಕುರ್ಚಿಯಲ್ಲಿ ನವಾರು ಹಿಂದಿನ ಪಟ್ಟಿಗೆ ನಾಲ್ಕು ಬೆರಳು ಮುಂಚೆಯೇ ನಿಲ್ಲುತ್ತದೆ, ಅಲ್ಲಿಂದ ಪಟ್ಟಿಯವರೆಗೆ ಹತ್ತಿ ಹಗ್ಗ. ಸಡಿಲವಾದರೆ ಯಾರು ಬೇಕಾದರೂ ಐದು ನಿಮಿಷದಲ್ಲಿ ಬಿಗಿ ಮಾಡಬಹುದು. ಹರಿದರೆ ನವಾರು ಮಾತ್ರ ಬದಲಿಸಿದರೆ ಸಾಕು. ಮರ ಕೊಡಗಿನ ತೋಟದ ಸಿಲ್ವರ್ ಓಕ್, ಮೇಲೆ ಅಗಸೆ ಎಣ್ಣೆ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ನಾವು ಹಿತ್ತಲಲ್ಲಿ ಬಿಡಿಸಿ ಒಣಗಿ ಹಾಕುತ್ತೇವೆ.

ಮೇ

ಟೇಬಲ್ಲಿಗೆ ಬಂದಾಗ ಯಜಮಾನ್ರಿಗೂ ನನಗೂ ಸ್ವಲ್ಪ ಜಗ್ಗಾಟವಾಯಿತು. "ಟೇಬಲ್ ಅಂದ್ರೆ ಮೂವತ್ತಿಂಚು ಮೇಡಂ. ನಮ್ಮಪ್ಪನ ಕಾಲದಿಂದ ಅಷ್ಟೇ." ಮೂವತ್ತಿಂಚು ಅಂದರೆ 76 ಸೆಂ.ಮೀ. ನಾನು ಕೇಳಿದ್ದು 66. ನಾಲ್ಕನೇ ಕುರ್ಚಿಯಲ್ಲಿ ಅವರನ್ನೇ ಕೂರಿಸಿ, ಎರಡೂ ಎತ್ತರಕ್ಕೆ ಹಲಗೆ ಇಟ್ಟು ಬರೆಯಲು ಹೇಳಿದೆ. 76ರಲ್ಲಿ ಅವರ ಭುಜ ಕಿವಿಯ ಕಡೆಗೆ ಏರಿತು. ಮಾತಾಡದೆ ಪೆನ್ಸಿಲ್ ತೆಗೆದುಕೊಂಡು ಮರದ ಮೇಲೆ 66 ಅಂತ ಗುರುತು ಹಾಕಿದರು. ಎತ್ತರದ ಇಬ್ಬರಿಗೆ 71.

ಟೇಬಲ್ ತಂದು ಕಿಟಕಿಗೆ ಸೇರಿಸಿದೆವು. ಅಡಿಪಟ್ಟಿ 60, ಟೇಬಲ್ 66. ಗಾಳಿ ಹಲಗೆಯ ಮೇಲೆ ಹರಿದು ಬಂತು, ಅಳತೆ ಹಾಳೆಯ ಮೂಲೆ ಎದ್ದಿತು. ಕೂತವರ ಕಣ್ಣಿಗೆ ಹೊರಗಿನ ಸಂಪಿಗೆ ಮರದ ಬುಡದಿಂದ ಕೊಂಬೆಯವರೆಗೆ ಪೂರಾ ಕಾಣುತ್ತದೆ. ಫೆಬ್ರವರಿಯಲ್ಲಿ ನೆಲದ ಮೇಲೆ ಕೂತಾಗ ಸಿಕ್ಕ ಗಾಳಿ ಇದೇ. ಇದನ್ನು ಬರೆಯುವಾಗ ಈಗಲೂ ಖುಷಿಯಾಗುತ್ತದೆ.

ಇಳಿಜಾರು ದಾರಿಯೂ ಮುಗಿಯಿತು. ನಮ್ಮ ಡ್ರಾಫ್ಟ್ಸ್‌ಮನ್ ಅಣ್ಣ ಊರುಗೋಲಿನಲ್ಲಿ ನಡೆಯುವವರು. ಜಗಲಿ 45 ಸೆಂ.ಮೀ. ಎತ್ತರ, ಒಂದು ಪಾಲು ಏರಲು ಹನ್ನೆರಡು ಪಾಲು ಉದ್ದದ ಲೆಕ್ಕದಲ್ಲಿ 5.4 ಮೀಟರ್ ಬೇಕು. ಮುಂದೆ ಅಷ್ಟು ಜಾಗವಿಲ್ಲ, ಅದಕ್ಕೆ ಮೂಡಣದ ಗೋಡೆಯ ಪಕ್ಕಕ್ಕೆ ತಿರುಗಿಸಿದೆವು. ಮೊದಲ ದಿನ ಅವರು ಎರಡು ಸಲ ಹತ್ತಿ ಇಳಿದರು. ಕೊರಿಯರ್ ಹುಡುಗರೂ ಈಗ ಅದರಲ್ಲೇ ಬರುತ್ತಾರೆ.

ಜೂನ್, ಮೊದಲ ವಾರ

ಉತ್ತರದ ಕಿಟಕಿಗೆ ಬಿಸಿಲು ಬರುವುದಿಲ್ಲ ಅಂತ ತುಂಬ ಜನ ನಂಬಿದ್ದಾರೆ. ಮೈಸೂರಿನಲ್ಲಿ ಏಪ್ರಿಲ್ 23ರ ಆಸುಪಾಸು ಸೂರ್ಯ ಸರಿಯಾಗಿ ನೆತ್ತಿಗೆ ಬಂದು, ಆಮೇಲೆ ಉತ್ತರಕ್ಕೆ ಸರಿಯುತ್ತಾನೆ. ಮೇ ತಿಂಗಳಿಡೀ ಸಂಜೆ ನಾಲ್ಕರ ಮೇಲೆ ಓರೆ ಬಿಸಿಲು ಅಕ್ಕನ ಸ್ಕ್ರೀನಿಗೆ ಬಿತ್ತು. ಮೇಲಿನ ಸಜ್ಜಾ ಇದನ್ನು ತಡೆಯುವುದಿಲ್ಲ, ಬಿಸಿಲು ಬರುವುದು ಪಕ್ಕದಿಂದ. ಮೂರಡಿ ಅಗಲದ ಕಿಟಕಿಗೆ ಪಡುವಣದ ಬದಿಯಲ್ಲಿ ಹೊರಚಾಚಿದ ಒಂದಡಿಯ ಮರದ ರೆಕ್ಕೆ, ಅಂದರೆ ನೆಟ್ಟಗೆ ನಿಲ್ಲಿಸಿದ ಹಲಗೆ, ಬೇಕು. ಸದ್ಯಕ್ಕೆ ರಟ್ಟು ಕಟ್ಟಿ ನೋಡಿದೆವು, ನೆರಳು ಸರಿಯಾಗಿ ಬೀಳುತ್ತಿದೆ.

ಉಳಿದ ಜಂತೆಯ ತುಂಡುಗಳು ನಾಲ್ಕು ರೆಕ್ಕೆಗೆ ಸಾಕು, ಐದನೇದಕ್ಕೆ ಮರ ಹುಡುಕಬೇಕು. ಸೂರ್ಯ ವಾಪಸ್ ದಕ್ಷಿಣಕ್ಕೆ ದಾಟುವುದು ಆಗಸ್ಟ್ 20ರ ಹೊತ್ತಿಗೆ. ಮಳೆ ಬಿಡುವು ಕೊಟ್ಟ ದಿನ ಯಜಮಾನ್ರು ಬಂದು ಅಕ್ಕನ ಕಿಟಕಿಯಿಂದಲೇ ಶುರು ಮಾಡುತ್ತೇನೆ ಅಂದಿದ್ದಾರೆ.