ತಾರಸಿ ಕುಟ್ಟಿದ ದಿನ

ನಾನು ಓದಿದ, ಆಮೇಲೆ 27 ವರ್ಷ ಕನ್ನಡ ಪಾಠ ಹೇಳಿದ ಕಾಲೇಜಿನ ಹಳೆಯ ಸಭಾಂಗಣವನ್ನು ದುರಸ್ತಿ ಮಾಡಿಸಲು ಸಮಿತಿಯೊಂದು ರಚನೆಯಾದಾಗ, ನನ್ನ ಹೆಸರನ್ನು ಸೇರಿಸಿದ್ದು ಹಿರಿಯರೆಂಬ ಗೌರವಕ್ಕೆ ಎಂದು ಎಲ್ಲರೂ ಭಾವಿಸಿದ್ದರು. ಆ ಸಭಾಂಗಣ ಕೆಟ್ಟುಹೋಗುವುದರಲ್ಲಿ ನನ್ನ ಪಾಲೂ ಇತ್ತೆಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ತೊಂಬತ್ತರ ದಶಕದಲ್ಲಿ ಕಟ್ಟಡಗಳ ಉಸ್ತುವಾರಿ ಕೆಲಕಾಲ ನನ್ನ ಕೈಯಲ್ಲಿತ್ತು. ಮಳೆಗಾಲದಲ್ಲಿ ಸಭಾಂಗಣ ಸೋರುತ್ತಿದ್ದುದರಿಂದ ತಾರಸಿಯ ಮೇಲೆ ಸಿಮೆಂಟು ಹಾಕಿಸಿದೆ. ತೇವ ಹಿಡಿದಿದ್ದ ಗೋಡೆಗಳಿಗೂ ಸಿಮೆಂಟಿನ ಗಿಲಾವು ಮಾಡಿಸಿದೆ. ಆದರೂ ಸೋರುವುದು ನಿಲ್ಲದಿದ್ದಾಗ ಮುರಿದ ಬೆಂಚುಗಳನ್ನೂ ಹಳೆಯ ಉತ್ತರ ಪತ್ರಿಕೆಗಳ ಕಟ್ಟುಗಳನ್ನೂ ಒಳಗೆ ತುಂಬಿಸಿ ಬೀಗ ಜಡಿಸಿದೆ. ಅದರ ಬೀಗದ ಕೈ ಬಹಳ ವರ್ಷ ನನ್ನ ಮೇಜಿನ ಖಾನೆಯಲ್ಲೇ ಇತ್ತು.

ಕೆಲಸ ಹಿಡಿದ ಮೇಸ್ತ್ರಿ ಅರವತ್ತು ದಾಟಿದವರು, ಸುಣ್ಣದ ಗಾರೆಯಲ್ಲೇ ಬದುಕು ಕಳೆದವರು. ಮೊದಲ ದಿನ ಅವರು ಉಳಿ ಹಿಡಿಯುವ ಮೊದಲು ಅಂಗೈಯನ್ನು ಗೋಡೆಗೆ ಒತ್ತಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಉಳಿಯ ಎರಡೇ ಪೆಟ್ಟಿಗೆ ಸಿಮೆಂಟು ತಟ್ಟೆಯಗಲ ಕಳಚಿ ಬಿತ್ತು. ಅದರ ಹಿಂದಿದ್ದ ಇಟ್ಟಿಗೆ ಬೆರಳು ತಾಗಿದರೆ ನೆನೆದ ಹುರಿಹಿಟ್ಟಿನಂತೆ ಉದುರುತ್ತಿತ್ತು. "ಈ ಗೋಡೆ ಬೆವರಬೇಕು ಸಾರ್. ಯಾರೋ ಪುಣ್ಯಾತ್ಮರು ಇದಕ್ಕೆ ರೈನ್‌ಕೋಟ್ ತೊಡಿಸಿಬಿಟ್ಟಿದ್ದಾರೆ" ಎಂದರು. ಆ ಪುಣ್ಯಾತ್ಮ ಪಕ್ಕದಲ್ಲೇ ನಿಂತಿದ್ದ, ಬಾಯಿ ಬಿಡಲಿಲ್ಲ.

ಸುಣ್ಣದ ಗಾರೆಯ ಗೋಡೆ ನೆಲದಿಂದ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಅದನ್ನು ಮೈಯಿಂದ ಹೊರಕ್ಕೆ ಬಿಡುತ್ತದೆ. ಮೇಲೆ ಸಿಮೆಂಟು ಬಳಿದರೆ ಆ ತೇವಕ್ಕೆ ಹೊರಹೋಗುವ ದಾರಿಯಿಲ್ಲದೆ ಒಳಗಿನ ಇಟ್ಟಿಗೆಯೂ ಗಾರೆಯೂ ಕೊಳೆಯತೊಡಗುತ್ತವೆ. ಇಷ್ಟು ಸರಳವಾದ ಸಂಗತಿ ಆಗ ನನಗೆ ತಿಳಿದಿರಲಿಲ್ಲ, ತಿಳಿದವರನ್ನು ಕೇಳಬೇಕೆಂದೂ ಅನ್ನಿಸಿರಲಿಲ್ಲ.

ಗೋಡೆಯ ವಿಷಯದಲ್ಲಿ ಸಮಿತಿಗೆ ಭಿನ್ನಾಭಿಪ್ರಾಯವಿರಲಿಲ್ಲ. ದುರಸ್ತಿಯಾದ ಮೇಲೆ ಸಭಾಂಗಣವನ್ನು ಯಾವುದಕ್ಕೆ ಬಳಸಬೇಕೆಂಬುದೇ ಜಗಳಕ್ಕೆ ಕಾರಣವಾಯಿತು. ಹವಾನಿಯಂತ್ರಿತ ವಿಚಾರಸಂಕಿರಣ ಕೊಠಡಿಯಾಗಲಿ ಎಂದರು ಕೆಲವರು. ಅದು ಇದ್ದ ಹಾಗೆಯೇ ಇರಬೇಕು, ಗೋಡೆಯ ಮೇಲೆ ಹಳೆಯ ಪ್ರಾಂಶುಪಾಲರ ಭಾವಚಿತ್ರಗಳನ್ನಿಟ್ಟು ಶುಚಿಯಾಗಿ ಕಾಪಾಡಬೇಕು ಎಂಬ ಪಕ್ಷ ನನ್ನದಾಗಿತ್ತು. ಕಟ್ಟಡದ ಬಳಕೆ ಬದಲಾದರೆ ಅದರ ಘನತೆ ಕುಂದುತ್ತದೆ ಎಂದು ನಾನು ವಾದಿಸಿದಾಗ, ಧಾರವಾಡದಲ್ಲಿ ಓದಿ ಬಂದಿದ್ದ ಇತಿಹಾಸದ ಅಧ್ಯಾಪಕರೊಬ್ಬರು ನಗುತ್ತಲೇ ನನ್ನ ಬಾಯಿ ಮುಚ್ಚಿಸಿದರು. 1917ರಲ್ಲಿ ಆರಂಭವಾದ ಅಲ್ಲಿನ ಕರ್ನಾಟಕ ಕಾಲೇಜು ಇಂದಿಗೂ ಹೆಮ್ಮೆಯಿಂದ ತೋರಿಸುವ ಕಟ್ಟಡ ಮೂಲತಃ ಸದರ್ನ್ ಮರಾಠಾ ರೈಲ್ವೆಯ ಮುಖ್ಯ ಕಚೇರಿ. ರೈಲ್ವೆಯ ಲೆಕ್ಕಪತ್ರ ಬರೆದ ಕೋಣೆಗಳಲ್ಲಿ ಕಾವ್ಯದ ಪಾಠ ನಡೆದರೆ ಅದರ ಘನತೆಗೇನು ಕುಂದಾಯಿತು ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಪತ್ರಿಕೆಯನ್ನು ಆರಂಭಿಸಿದ್ದನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದವನು ನಾನು. ತರಗತಿ ಮುಗಿದ ಮೇಲೆ ಒಟ್ಟಾಗಿ ಕುಳಿತು ಮಾತನಾಡಲು ಒಂದು ಜಾಗವಿಲ್ಲದಿದ್ದರೆ ಸಂಘವೆಲ್ಲಿ, ಪತ್ರಿಕೆಯೆಲ್ಲಿ ಎಂಬ ಯೋಚನೆ ಮಾತ್ರ ನನಗೆ ಒಮ್ಮೆಯೂ ಬಂದಿರಲಿಲ್ಲ.

ಅಲ್ಲಿಯವರೆಗೆ ಸುಮ್ಮನೆ ಕುಳಿತಿದ್ದ ವಿದ್ಯಾರ್ಥಿ ಪ್ರತಿನಿಧಿ, ಬಿ.ಎಸ್ಸಿ. ಓದುತ್ತಿದ್ದ ಹುಡುಗಿ, ಆಗ ಮಾತನಾಡಿದಳು. "ಒಂದು ಗಂಟೆಗೆ ಕ್ಲಾಸ್ ಮುಗಿಯುತ್ತೆ ಸಾರ್. ನಮ್ಮೂರ ಬಸ್ಸಿರೋದು ನಾಲ್ಕೂವರೆಗೆ. ಅಲ್ಲಿವರೆಗೆ ನಾವು ಸೈಕಲ್ ಸ್ಟ್ಯಾಂಡಲ್ಲಿ ಕೂತಿರ್ತೀವಿ, ಊಟವೂ ಅಲ್ಲೇ." ಆ ಸೈಕಲ್ ಸ್ಟ್ಯಾಂಡಿನ ಪಕ್ಕದಿಂದಲೇ ನಾನು ದಿನವೂ ಮನೆಗೆ ಹೋಗುತ್ತಿದ್ದುದು. ಸ್ಕೂಟರುಗಳ ನಡುವೆ ದುಪಟ್ಟಾ ಹಾಸಿ ಡಬ್ಬಿ ಬಿಚ್ಚಿದ ಹುಡುಗಿಯರು ನನ್ನನ್ನು ಕಂಡೊಡನೆ ಕೈತುತ್ತನ್ನು ಬಿಟ್ಟು ಎದ್ದು ನಿಲ್ಲುತ್ತಿದ್ದರು. ಅದನ್ನು ನಾನು ಗುರುಭಕ್ತಿಯೆಂದುಕೊಂಡು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ.

ಜನವರಿಯಲ್ಲಿ ತಾರಸಿಯ ಕೆಲಸ ಆರಂಭವಾಯಿತು. ಅದು ಮದ್ರಾಸ್ ಟೆರೇಸ್. ತೇಗದ ತೊಲೆಗಳ ಮೇಲೆ ಜಂತೆ, ಜಂತೆಗಳ ಮೇಲೆ ಅಂಚಿನ ಮೇಲೆ ನಿಲ್ಲಿಸಿ ಓರೆಯಾಗಿ ಜೋಡಿಸಿದ ಸಣ್ಣ ಇಟ್ಟಿಗೆಗಳು, ಅದರ ಮೇಲೆ ಇಟ್ಟಿಗೆ ಜಲ್ಲಿ ಮತ್ತು ಸುಣ್ಣ ಕಲಸಿದ ದಪ್ಪ ಪದರ. ಆ ಪದರವನ್ನು ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ, ಮರದ ಹಲಗೆಗಳಿಂದ ದಿನಗಟ್ಟಲೆ ಕುಟ್ಟಬೇಕು. ಕುಟ್ಟುವಾಗ ಬೆಲ್ಲವನ್ನೂ ಜಜ್ಜಿದ ಅಳಲೆಕಾಯಿಯನ್ನೂ ನೆನೆಹಾಕಿದ ನೀರನ್ನು ಚಿಮುಕಿಸುತ್ತಿರಬೇಕು. ಹಲಗೆ ಮೆತ್ತಗೆ ಒಳಗಿಳಿಯುವುದು ನಿಂತು, ಗಟ್ಟಿ ನೆಲಕ್ಕೆ ಬಡಿದಂತೆ ಕೈಗೆ ಪುಟಿದು ಬಂದಾಗ ತಾರಸಿ ಕೂತಿತು ಎಂದು ಲೆಕ್ಕ.

ಹತ್ತು ಹನ್ನೆರಡು ಮಂದಿ ಹೆಂಗಸರು ಎರಡು ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತು ಕುಟ್ಟುತ್ತಿದ್ದರು. ಒಂದು ಸಾಲಿನ ಹಲಗೆ ಏಳುವಾಗ ಇನ್ನೊಂದು ಸಾಲಿನದು ಬೀಳುತ್ತಿತ್ತು. ಆ ಸದ್ದು ತರಗತಿಗಳಿಗೂ ಕೇಳಿಸುತ್ತದೆಂದು ಕಚೇರಿಗೆ ದೂರು ಹೋಗಿತ್ತು. ಎರಡನೆಯ ದಿನ ಒಂದು ಗಂಟೆಯ ಗಂಟೆ ಬಾರಿಸಿದ ಮೇಲೆ ಏಣಿಯ ತುದಿಯಲ್ಲಿ ಮೊದಲು ಆ ಬಿ.ಎಸ್ಸಿ. ಹುಡುಗಿಯ ಮುಖ ಕಂಡಿತು. ಅವಳ ಹಿಂದೆ ಆರೇಳು ಮಂದಿ. ಮೇಸ್ತ್ರಿ ಗದರಿಸುತ್ತಾರೆಂದುಕೊಂಡೆ. ಅವರು ಹಾಗೆ ಮಾಡದೆ, "ಚಪ್ಪಲಿ ಅಲ್ಲೇ ಬಿಟ್ಟು ಬನ್ನಿ" ಎಂದು ಮೂಲೆಯಲ್ಲಿದ್ದ ಹಲಗೆಗಳನ್ನು ತೋರಿಸಿದರು. ಹುಡುಗರು ಮೊದಲಿಗೆ ಆವೇಶದಿಂದ ಬಡಿದರು. ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬರು, "ಹಾವು ಹೊಡೀತಿದ್ದೀಯಾ ಮಗಾ? ಮೆಲ್ಲಗೆ, ಎಲ್ಲರ ಜೊತೆಗೆ" ಎಂದು ಒಬ್ಬನ ಮಣಿಕಟ್ಟು ಹಿಡಿದು ತೋರಿಸಿಕೊಟ್ಟರು. ನಾನೂ ಒಂದು ಹಲಗೆ ತೆಗೆದುಕೊಂಡೆ. ಕಾಲು ಗಂಟೆಯೊಳಗೆ ಸೊಂಟ ಸೋತಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ಬೆಲ್ಲದ ನೀರಿಗೆ ಇರುವೆಗಳು ಸಾಲುಗಟ್ಟಿದ್ದವು. ಯಾರೋ ಡಬ್ಬಿ ಬಿಚ್ಚಿದರು, ಚಿತ್ರಾನ್ನವೂ ರಾಗಿ ರೊಟ್ಟಿಯೂ ಆ ಹೆಂಗಸರ ಬುತ್ತಿಯ ಜೊತೆ ಹಂಚಿಹೋದವು. ನಾಲ್ಕೂವರೆಯ ಬಸ್ಸು ಅಂದು ಕೆಲವರಿಗೆ ತಪ್ಪಿಹೋಯಿತು. ಮರುದಿನ ಅವರೇ ಇನ್ನಷ್ಟು ಮಂದಿಯನ್ನು ಕರೆದುಕೊಂಡು ಬಂದರು.

ಆ ವಾರವೇ ಸೇರಿದ ಸಮಿತಿಯ ಸಭೆಯಲ್ಲಿ ನಾನು ಭಾವಚಿತ್ರಗಳ ಮಾತೆತ್ತಲಿಲ್ಲ. ಕಿಟಕಿಗಳ ಉದ್ದಕ್ಕೂ ಕಲ್ಲಿನ ಜಗಲಿ, ಡಬ್ಬಿ ತೊಳೆಯಲು ನಲ್ಲಿಗಳು, ಹಿಂಬದಿಯಲ್ಲಿ ಹುಡುಗಿಯರಿಗೆ ಶೌಚಾಲಯ, ಫೋನಿಗೂ ಲ್ಯಾಪ್‌ಟಾಪಿಗೂ ಪ್ಲಗ್ಗುಗಳು, ಒಂದು ಗೋಡೆಗೆ ಭಿತ್ತಿಪತ್ರಿಕೆಯ ಹಲಗೆ ಎಂದು ತೀರ್ಮಾನವಾಯಿತು. ಹವಾನಿಯಂತ್ರಣ ಬೇಕೆಂದವರು ಎತ್ತರದ ಮಾಡು, ದಪ್ಪ ಗೋಡೆಗಳ ಒಳಗೆ ಏಪ್ರಿಲ್ ಮಧ್ಯಾಹ್ನವೊಂದನ್ನು ಕಳೆದ ಮೇಲೆ ತಾವೇ ಸುಮ್ಮನಾದರು. ಕೆಂಪು ಕಾವಿಯ ನೆಲದ ಮೇಲೆ ಊಟ ಮಾಡಿದರೆ ಕಲೆಯಾಗುತ್ತದೆಂಬ ಆತಂಕ ನನಗೆ ಈಗಲೂ ಇದೆ, ಮತ್ತು ಕಲೆಯಾಗಿಯೂ ಇದೆ.

ಜೂನ್ ತಿಂಗಳ ಮೊದಲ ದೊಡ್ಡ ಮಳೆ ಬಂದ ಮಧ್ಯಾಹ್ನ ನಾನು ಛತ್ರಿ ಹಿಡಿದು ಓಡಿದ್ದು ತಾರಸಿ ಸೋರುತ್ತದೆಯೇ ಎಂದು ನೋಡಲು. ಒಳಗೆ ಕೂರಲು ಜಾಗವಿರಲಿಲ್ಲ. ಜಗಲಿಯ ತುಂಬ ಡಬ್ಬಿಗಳು, ಪುಸ್ತಕಗಳು, ಒದ್ದೆ ಚಪ್ಪಲಿಗಳು. ಒಂದು ಮೂಲೆಯಲ್ಲಿ ನಾಟಕದ ತಾಲೀಮು. ನಾನು ಕತ್ತೆತ್ತಿ ಜಂತೆಗಳನ್ನು ಒಂದೊಂದಾಗಿ ನೋಡುತ್ತ ಗೋಡೆಯ ಉದ್ದಕ್ಕೂ ನಡೆದೆ. ಊಟ ಮಾಡುತ್ತಿದ್ದವರಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಒಬ್ಬಳು ಮಾತ್ರ ಸ್ವಲ್ಪ ಸರಿದು, "ಕೂತ್ಕೊಳ್ಳಿ ಸಾರ್, ಸೋರ್ತಿಲ್ಲ" ಎಂದಳು.