ಉಳಿದ ಉಲ್ಲನ್‌ನಲ್ಲಿ ಶಾಲು ನೇಯಬಹುದೇ?

"ಸ್ವೆಟರ್ ಹೆಣೆದು ಮಿಕ್ಕಿದ ಉಲ್ಲನ್ ಒಂದು ಚೀಲ ಇದೆ, ಸುಮ್ಮನೆ ಬಿದ್ದಿದೆ. ನೀನು ಮಗ್ಗದ ಕೆಲಸ ಕಲೀತಿದ್ದೀಯಲ್ಲ, ಒಂದು ಶಾಲು ನೇಯ್ದುಕೊಡು." ಮಡಿಕೇರಿಯಾಗಲಿ ಸೋಮವಾರಪೇಟೆಯಾಗಲಿ, ಜವಳಿ ಓದುವವರನ್ನು ಕಂಡರೆ ಚಿಕ್ಕಮ್ಮ, ಅತ್ತೆಯಂದಿರು ಕೇಳುವುದು ಇದನ್ನೇ. ಚಳಿಯ ಊರು, ಇಂಥ ಚೀಲ ಇಲ್ಲದ ಮನೆ ಕಡಿಮೆ. ಉತ್ತರ ಇಷ್ಟೇ: ಅಡ್ಡಕ್ಕೆ ಹಾಯುವ ಹೊಕ್ಕುನೂಲಾಗಿ ಬಳಸಬಹುದು, ಉದ್ದಕ್ಕೆ ಬಿಗಿಯುವ ಹಾಸುನೂಲಾಗಿ ಬೇಡ.

ಇಷ್ಟು ಹೇಳಿದರೆ "ಎರಡೂ ದಾರದ ಕೆಲಸವೇ ತಾನೆ" ಅನ್ನುತ್ತಾರೆ. ಸಿಟ್ಟು ಬರುವುದು ಇಲ್ಲೇ. ದಾರ ಒಂದೇ ಇರಬಹುದು, ಅದು ಪಡುವ ಪಾಡು ಬೇರೆ. ಕಡ್ಡಿಯ ಮೇಲೆ ನೂಲು ಕುಣಿಕೆಯಾಗಿ ಸಡಿಲವಾಗಿ ಕೂರುತ್ತದೆ. ಹಾಗಾಗಿ ಹೆಣಿಗೆಯ ನೂಲಿಗೆ ಹುರಿ ಕಡಿಮೆ ಕೊಟ್ಟಿರುತ್ತಾರೆ, ಮುಟ್ಟಿದರೆ ಮೆತ್ತಗೆ. ಮಗ್ಗದಲ್ಲಿ ಹಾಸಿನ ಎಳೆ ಬಿಗಿಯಾಗಿ ಎಳೆದುಕೊಂಡು ನಿಂತಿರಬೇಕು. ಒಂದೊಂದು ಹೊಕ್ಕಿಗೂ ಹೀಲ್ಡ್ (ಎಳೆ ಪೋಣಿಸಿದ ಕಣ್ಣು) ಅದನ್ನು ಎತ್ತಿ ಇಳಿಸುತ್ತದೆ, ಬಾಚಣಿಗೆಯಂಥ ರೀಡ್‌ನ ಹಲ್ಲು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತದೆ. ಮೆತ್ತನೆಯ ನೂಲಿಗೆ ಮೊದಲು ಜುಂಗು ಏಳುತ್ತದೆ, ಪಕ್ಕದ ಎಳೆಯ ಜುಂಗಿಗೆ ತೊಡರುತ್ತದೆ. ಎಳೆಗಳು ಬಿಡಿಬಿಡಿಯಾಗಿ ತೆರೆಯದೆ, ಹೊಕ್ಕುನೂಲು ಒಯ್ಯುವ ಲಾಳಿ ತಪ್ಪು ಎಳೆಯ ಮೇಲೆ ಹಾಯುತ್ತದೆ. ಆಮೇಲೆ ಅಂಚಿನ ಎಳೆ ತುಂಡಾಗುತ್ತದೆ. ತುಂಡಾಗದೆ ಉಳಿದರೂ, ಮಗ್ಗದಿಂದ ಇಳಿಸಿದ ಕೂಡಲೇ ಹಿಗ್ಗಿದ್ದ ನೂಲು ಕುಗ್ಗಿ ಶಾಲು ಗಿಡ್ಡವಾಗುತ್ತದೆ.

ಹಾಗಾದರೆ ಕಂಬಳಿಯ ಹಾಸು ಉಣ್ಣೆಯದಲ್ಲವೇ ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಚಳ್ಳಕೆರೆ ಕಡೆಯ ಕಂಬಳಿಗೆ ಒರಟು ಉಣ್ಣೆಯನ್ನು ಹುರಿ ಬಿಗಿಯಾಗಿ ನೂತು, ಹಾಸುನೂಲಿಗೆ ಹುಣಸೆ ಬೀಜದ ಗಂಜಿ ಬಳಿದು ಜುಂಗು ಕೂರಿಸುತ್ತಾರೆ. ಅಂಗಡಿಯ ಸ್ವೆಟರ್ ನೂಲಿಗೆ ಈ ಯಾವ ಸಂಸ್ಕಾರವೂ ಆಗಿರುವುದಿಲ್ಲ.

ಸರಿ, ಹಾಸುನೂಲಿಗೆ 2/20 (20ನೇ ನಂಬರಿನ ಎರಡು ಎಳೆ ಕೂಡಿಸಿ ಹುರಿ ಮಾಡಿದ) ಹತ್ತಿ ನೂಲು ಹಾಕೋಣ. 20 ಇಂಚು ಅಗಲ, 72 ಇಂಚು ಉದ್ದದ ಶಾಲು ಎಂದುಕೊಳ್ಳಿ. ನೇಯುವಾಗ ಅಗಲ ಎಳೆದುಕೊಳ್ಳುವುದರಿಂದ ರೀಡ್‌ನಲ್ಲಿ 22 ಇಂಚು ಬೇಕು. ಇಂಚಿಗೆ 12 ಎಳೆಯಂತೆ 264 ಎಳೆ. ಕುಚ್ಚು, ಕುಗ್ಗುವಿಕೆ, ಮಗ್ಗದಲ್ಲಿ ವ್ಯರ್ಥವಾಗುವ ತುದಿ ಎಲ್ಲ ಸೇರಿ ಒಂದು ಎಳೆ 3 ಮೀಟರ್. ಒಟ್ಟು 792 ಮೀಟರ್, ತೂಕದಲ್ಲಿ 50 ಗ್ರಾಂ ಸಾಕು. 100 ಗ್ರಾಂಗೆ 220 ಮೀಟರ್ ಬರುವ ಉಲ್ಲನ್ನನ್ನು ಇಂಚಿಗೆ 9 ಹೊಕ್ಕಿನಂತೆ ಹಾಕಿದರೆ, ಕುಗ್ಗುವಿಕೆ, ವ್ಯರ್ಥ ಎಲ್ಲ ಸೇರಿ ಸುಮಾರು 445 ಮೀಟರ್, ಅಂದರೆ 200 ಗ್ರಾಂ. ಅದಕ್ಕೇ ಚೀಲದ ತೂಕ ಕೇಳುವುದು. ಉಲ್ಲನ್ ಹಿಗ್ಗುವ ನೂಲು, ಲಾಳಿಯಿಂದ ಎಳೆದು ಬಿಟ್ಟರೆ ಅಂಚು ಒಳಗೆ ಬರುತ್ತದೆ. ಹೊಕ್ಕನ್ನು ಕಮಾನಿನಂತೆ ಸಡಿಲ ಬಿಟ್ಟು ಆಮೇಲೆ ರೀಡ್ ಹೊಡೆಯಬೇಕು. ತುಂಡು ನೂಲುಗಳಿಗೆ ಗಂಟು ಹಾಕಬಾರದು, ಒಂದರ ತುದಿಯ ಮೇಲೆ ಇನ್ನೊಂದನ್ನು ಎರಡು ಇಂಚು ಜೊತೆಯಾಗಿ ಹಾಯಿಸಿದರೆ ಹಿಡಿದುಕೊಳ್ಳುತ್ತದೆ.

ಆದರೆ ನೇಯಬಹುದೇ ಎಂದು ಕೇಳುವ ಬದಲು, ಒಗೆದ ಮೇಲೆ ಅದು ಏನಾಗುತ್ತದೆ ಎಂದು ಯಾರಾದರೂ ಕೇಳಬೇಕು. ಚೀಲದಲ್ಲಿ ಉಲ್ಲನ್ ಎಂದು ಇರುವುದರಲ್ಲಿ ಬಹುಪಾಲು ಅಕ್ರಿಲಿಕ್, ನಡುನಡುವೆ ನಿಜವಾದ ಉಣ್ಣೆ. ಎರಡನ್ನೂ ಪಟ್ಟೆಪಟ್ಟೆಯಾಗಿ ನೇಯ್ದು ಬಿಸಿನೀರಲ್ಲಿ ಉಜ್ಜಿ ಒಗೆದರೆ ಉಣ್ಣೆಯ ಪಟ್ಟೆ ಗಂಟುಗಟ್ಟಿ ಕುಗ್ಗುತ್ತದೆ, ಅಕ್ರಿಲಿಕ್ ಇದ್ದಷ್ಟೇ ಅಗಲ ಇರುತ್ತದೆ. ಶಾಲಿನ ಎರಡೂ ಅಂಚು ಅಲೆಅಲೆಯಾಗುತ್ತವೆ, ಇಸ್ತ್ರಿಗೂ ಬಗ್ಗುವುದಿಲ್ಲ. ಇಸ್ತ್ರಿ ಬಿಸಿ ಹೆಚ್ಚಾದರೆ ಅಕ್ರಿಲಿಕ್ ಚಪ್ಪಟೆಯಾಗಿ ಜೋಲುತ್ತದೆ. ಆದ್ದರಿಂದ ಪ್ರತಿ ಬಣ್ಣದಿಂದಲೂ ಎರಡಿಂಚು ತುಂಡು ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿಯಾದ ಕಪ್ಪು ಮಣಿ ಕಟ್ಟಿದರೆ ಅಕ್ರಿಲಿಕ್. ಬೇರೆ ಬೇರೆ ಗಂಟು ಕಟ್ಟಿ ತನ್ನಿ.

ನೇಯ್ಗೆ, ಹೆಣಿಗೆ ಎರಡನ್ನೂ ಬೆರೆಸುವ ಆಸೆ ಇದ್ದರೆ ಮೈ ನೇಯ್ಗೆ, ಅಂಚು ಹೆಣಿಗೆ ಮಾಡುವುದು ಚೆಂದ. ನೇಯ್ದ ಬಟ್ಟೆ ಉದ್ದಗಲಕ್ಕೆ ಹಿಗ್ಗದೆ ನಿಲ್ಲುತ್ತದೆ, ಕೊಡವರ ಸೊಂಟಪಟ್ಟಿ ಚೇಲೆ ಅದಕ್ಕೆ ಸಿಕ್ಕಿಸಿದ ಪೀಚೆಕತ್ತಿಯ (ಸಣ್ಣ ಬಾಕು) ಭಾರ ಹೊತ್ತು ನಿಲ್ಲುವುದು ಅದರಿಂದಲೇ. ಹೆಣಿಗೆಯ ಅಂಚು ಕುತ್ತಿಗೆ, ಮಣಿಕಟ್ಟಿಗೆ ಒಗ್ಗಿ ಕೂರುತ್ತದೆ. ಬಟ್ಟೆಯ ಅಂಚಿಗೆ ಮೊದಲು ಕಂಬಳಿ ಹೊಲಿಗೆ (ಬ್ಲಾಂಕೆಟ್ ಸ್ಟಿಚ್) ಹಾಕಿ, ಅದರಿಂದ ಕ್ರೋಶಾ ಕಡ್ಡಿಯಲ್ಲಿ ಕುಣಿಕೆ ಎತ್ತಿಕೊಳ್ಳಬೇಕು. ಲೆಕ್ಕ ತಪ್ಪುವುದು ಇಲ್ಲಿ. ಬಟ್ಟೆಯಲ್ಲಿ ಇಂಚಿಗೆ 9 ಹೊಕ್ಕು ಇದ್ದು ನಿಮ್ಮ ಹೆಣಿಗೆ ಇಂಚಿಗೆ 5 ಕುಣಿಕೆ ಬಂದರೆ, 9 ಹೊಕ್ಕಿಗೆ 5 ಕುಣಿಕೆ ಮಾತ್ರ ಎತ್ತಬೇಕು. ಹೊಕ್ಕಿಗೊಂದು ಎತ್ತಿದರೆ ಅಂಚು ಝಾಲರಿಯಂತೆ ಉಬ್ಬುತ್ತದೆ.

ಕೊಡಗಿನ ಮಳೆಗಾಲದ ಬಗ್ಗೆಯೂ ಯಾರೂ ಕೇಳುವುದಿಲ್ಲ. ಹತ್ತಿಗೆ ತೇವದಲ್ಲಿ ಬಲ ಹೆಚ್ಚು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹತ್ತಿಯ ಹಾಸು ಚೆನ್ನಾಗಿ ನಡೆಯುತ್ತದೆ. ಆದರೆ ಗಂಜಿ ಹಾಕಿದ ಹಾಸನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವ ಕುಡಿದರೂ ಕೈಗೆ ಒದ್ದೆ ಅನ್ನಿಸುವುದಿಲ್ಲ. ಆಗ ಮಡಿಚಿ ಬೀರುವಿನಲ್ಲಿಟ್ಟರೆ ಮುಗ್ಗಲು ವಾಸನೆ ಖಂಡಿತ. ತಣ್ಣೀರಲ್ಲಿ ಒಗೆದ ಶಾಲನ್ನು ಹಿಂಡದೆ ಒತ್ತಿ ನೀರು ತೆಗೆದು, ಒಣ ಟವೆಲಿನಲ್ಲಿ ಸುತ್ತಿ ಇನ್ನೊಮ್ಮೆ ಒತ್ತಿ, ಚಾಪೆಯ ಮೇಲೆ ಅಗಲವಾಗಿ ಹರವಿ. ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಬೇಡಿ, ಒದ್ದೆ ಉಣ್ಣೆ ತನ್ನ ಭಾರಕ್ಕೇ ಜೋಲುತ್ತದೆ. ಅದರಲ್ಲೂ ಹೆಣೆದ ಅಂಚು ಮೊದಲು ಜೋಲುತ್ತದೆ.